ಇಲ್ಲದ ಗಂಟಿನ ಚೀಟಿ

ಎದೆಯ ಆಪರೇಷನ್ ಮಾಡಿಸಿಕೊಂಡು ಬೆಂಗಳೂರಿನಿಂದ ಕೊಟ್ಟೂರಿಗೆ ಬಂದ ಮರುದಿನವೇ ಮನೆಗೆ ಜನ ಬರತೊಡಗಿದರು. ನಮ್ಮ ಕಡೆ ಯಾರಾದರೂ ಆಸ್ಪತ್ರೆಯಿಂದ ಬಂದರೆ ಮಾತಾಡಿಸಲು ಹೋಗಲೇಬೇಕು, ಕೈಯಲ್ಲೊಂದು ಬ್ರೆಡ್ಡಿನ ಪೊಟ್ಟಣ ಇರಲೇಬೇಕು. ಮೂರೇ ದಿನಕ್ಕೆ ಕಪಾಟಿನ ತುಂಬ ಬ್ರೆಡ್ಡು. ತಿನ್ನುವವರು ಯಾರು?

ಬ್ರೆಡ್ಡು ಹಾಳಾಗಲಿ, ಬಂದವರ ಅಳು ನನ್ನಿಂದ ತಡೆಯಲಾಗುತ್ತಿರಲಿಲ್ಲ. ಹುಟ್ಟಿದಾಗ ಎಲ್ಲರೂ ನನ್ನನ್ನು ಹೆಣ್ಣು ಅಂದರು. ನಾನು ಗಂಡಸು. ಇದು ಅವ್ವನಿಗೆ ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ ಹಾರ್ಮೋನ್ ಇಂಜೆಕ್ಷನ್ ಶುರುವಾಗಿ ನನ್ನ ದನಿ ಒಡೆದಾಗಲೇ ಅವಳು ಓಣಿಗೆಲ್ಲ, “ಮಗಳ ಎದಿಯಾಗ ಗಂಟಾಗೈತಿ, ಔಷಧ ನಡದೈತಿ” ಎಂದು ಹೇಳಿಬಿಟ್ಟಿದ್ದಳು. ಮೀಸೆ ಬಂದಾಗ ಅದೂ ಔಷಧದ ಪವರ್ರೇ ಆಯಿತು. ಎದೆ ಕಾಣದಿರಲೆಂದು ಬಿಗಿ ಬನಿಯನ್ನಿನೊಳಗೆ ಬೇಸಿಗೆಗಳನ್ನೆಲ್ಲ ಬೆಂದು ಕಳೆದಿದ್ದೆ. ಮೊಲೆ ತೆಗೆಸಿ ಅದು ಮುಗಿಯಿತೆಂಬ ಖುಷಿಯಲ್ಲಿ ನಾನು ಮಲಗಿದ್ದರೆ, ಸುತ್ತ ಕುಳಿತವರು “ಪಾಪ, ಮದುವಿಯಾಗೋ ಹುಡುಗಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಎದ್ದು ಕೂಗಾಡೋಣವೆಂದರೆ ಹೊಲಿಗೆ ಹಸಿ.

ಅವರು ಹೋದ ಮೇಲೆ ಅವ್ವನ ಜೊತೆ ದಿನಾ ಜಗಳ.

“ಒಬ್ಬರ ಮುಂದಾದ್ರೂ ಇವ ನನ್ನ ಮಗ ಅಂತ ಹೇಳವ್ವಾ.”

“ಮಂದಿ ಬಾಯಿ ನೀ ಮುಚ್ಚಿಸ್ತೀಯೇನು? ಇನ್ನೊಂದೀಟು ದಿನ ತಡಿ.”

ಎರಡು ವರ್ಷದಿಂದ ಅದೇ ಈಟು ದಿನ. ಕೇಳಿ ಕೇಳಿ ಸಾಕಾಗಿತ್ತು.

ಐದನೇ ದಿನ ಮಧ್ಯಾಹ್ನ, ಹೂ ಕಟ್ಟಿ ಮಾರುವ ಎದುರುಮನೆಯವಳು ಬಂದಳು. ನೆಂಟಳಲ್ಲ, ಚಿಕ್ಕಂದಿನಿಂದ ಚಿಗವ್ವ ಎಂದು ಕರೆದು ರೂಢಿ. ಒಂದು ಮೊಳ ಮಲ್ಲಿಗೆಯನ್ನು ನನ್ನ ದಿಂಬಿನ ಪಕ್ಕ ಇಟ್ಟಳು. ಮುಡಿಯಲು ನನ್ನ ತಲೆಯಲ್ಲಿ ಕೂದಲೆಲ್ಲಿತ್ತು? ಆದರೆ ಅವಳು ಅಳಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ಅವ್ವನಿಗೆ ಮೆಲ್ಲಗೆ ಹೇಳಿದಳು: “ಅಕ್ಕಾ, ಈಕಿ ಔಷಧದ ಚೀಟಿ ಕೊಡು. ಜೆರಾಕ್ಸ್ ಮಾಡಿಸಿ ಮೆಡಿಕಲ್‌ನಾಗ ತಗೋತೀನಿ. ನನಗೂ ಎದಿಯಾಗ ಗಂಟೈತಿ. ನಾಕು ತಿಂಗಳಾತು.”

ನಮ್ಮಲ್ಲಿ ಇದೇನೂ ಹೊಸದಲ್ಲ. ಒಬ್ಬರಿಗೆ ಗುಣವಾದ ಔಷಧದ ಚೀಟಿ ಓಣಿಯೆಲ್ಲ ತಿರುಗುತ್ತದೆ. ಅವ್ವನ ಮೊಣಕಾಲಿನ ಚೀಟಿ ಕೂಡ್ಲಿಗಿಯವರೆಗೆ ಹೋಗಿ ಬಂದಿತ್ತು.

“ಎಲ್ಲಿಟ್ಟೀನೋ ಏನೋ,” ಅಂದಳು ಅವ್ವ.

“ಹುಡುಕಿ ಕೊಡು, ಕುಂತಿರ್ತೀನಿ.”

ಅವ್ವ ನನ್ನ ಮುಖ ನೋಡಿದಳು. ನಾನು ಬೇಕೆಂದೇ ಸುಮ್ಮನಿದ್ದೆ. ಸುಳ್ಳು ಹೇಳಿದವಳು ತಾನೇ ಬಿಡಿಸಿಕೊಳ್ಳಲಿ ಅನ್ನುವಷ್ಟು ಸಿಟ್ಟಿತ್ತು.

ಅವ್ವ ಚಿಗವ್ವನ ಕೈ ಹಿಡಿದುಕೊಂಡಳು. “ಗಂಟೂ ಇರಲಿಲ್ಲ, ಏನೂ ಇರಲಿಲ್ಲ. ಇವ ನನ್ನ ಮಗ. ಗಂಡಸಾಗಿ ಬಾಳಾಕಂತ ಆ ಇಂಜೆಕ್ಷನ್, ಆ ಆಪರೇಷನ್. ನೀ ಅದನ್ನ ಮುಟ್ಟಬ್ಯಾಡ. ನಾಳೆ ದವಾಖಾನಿಗೆ ಹೋಗೂಣು, ನಾನೂ ಬರ್ತೀನಿ.”

ಚಿಗವ್ವ ನನ್ನ ಕಡೆ ತಿರುಗಿದಳು. ಬೈಯಲಿಲ್ಲ, ನಗಲಿಲ್ಲ.

“ನೀ ಆಪರೇಷನ್ ಆಗಿ ಉಳದು ಬರೋದು ನೋಡಿಕೊಂಡು ಅದೇ ಔಷಧ ತಗೊಳ್ಳೋಣಂತ ಕಾದಿದ್ದೆ, ತಮ್ಮಾ,” ಅಂದಳು.

ಎರಡು ವರ್ಷ ಬೇಡಿದ ಮಾತು ಕೊನೆಗೂ ಅವ್ವನ ಬಾಯಿಂದ ಬಂದಿತ್ತು. ಅಷ್ಟರಲ್ಲಿ ಆ ಸುಳ್ಳನ್ನು ನಂಬಿ ಕಾಯುತ್ತ ಚಿಗವ್ವನ ನಾಲ್ಕು ತಿಂಗಳು ಹೋಗಿತ್ತು. ಅವ್ವನ ಮೇಲೆ ಹರಿಹಾಯೋಣವೆಂದರೆ, ಆ ಸುಳ್ಳಿಗೆ ಬಂದ ಬ್ರೆಡ್ಡನ್ನೆಲ್ಲ ತೆಗೆದುಕೊಂಡು ಸುಮ್ಮನೆ ಮಲಗಿದ್ದವನು ನಾನೇ.