ಕೊಕ್ಕರೆಯ ಕಾಲು, ನೈದಿಲೆಯ ದಂಟು

ನಮ್ಮ ಶಾಲೆಯ ಹಿಂದಿನ ಕೆರೆಗೆ ಒಬ್ಬ ಕಾವಲುಗಾರನಿದ್ದನು. ಉದ್ದನೆಯ ಸಣಕಲು ಕಾಲು, ಮಂಡಿಯವರೆಗೆ ಮಡಚಿದ ಷರಾಯಿ. ಮಕ್ಕಳ ಬಾಯಲ್ಲಿ ಅವನು ‘ಕೊಕ್ಕರೆ ಮಾವ’. ಹಾಗೆ ಕರೆದರೆ ಸಿಟ್ಟಾಗದೆ ಒಂಟಿ ಕಾಲಿನಲ್ಲಿ ನಿಂತು ತೋರಿಸುತ್ತಿದ್ದನು. ದಿನವೂ ಬೆಳಿಗ್ಗೆ ನೀರಿಗಿಳಿದು, ಅಳತೆಯ ಕಂಬ ನೋಡಿ, ನೀರಿನ ಮಟ್ಟವನ್ನು ದಡದ ಹಲಗೆಯ ಮೇಲೆ ಬರೆಯುವುದು ಅವನ ಕೆಲಸ.

ನಾನಾಗ ಹೊಸ ಮೇಷ್ಟ್ರು. ಇನ್ಸ್‌ಪೆಕ್ಟರು ನನ್ನದೊಂದು ಪಾಠ ನೋಡಿ ಒಪ್ಪಿದರೆ ಮಾತ್ರ ಕೆಲಸ ಕಾಯಂ. ಪ್ರಾಣಿಗೂ ಸಸ್ಯಕ್ಕೂ ಇರುವ ವ್ಯತ್ಯಾಸವನ್ನು ಆರಿಸಿಕೊಂಡು, ಅವರನ್ನೂ ಮಕ್ಕಳನ್ನೂ ಕೆರೆಯ ದಡಕ್ಕೆ ಕರೆದೊಯ್ದೆನು.

“ಕೊಕ್ಕರೆ ಚಲಿಸುತ್ತದೆ, ನೈದಿಲೆ ಚಲಿಸುವುದಿಲ್ಲ” ಎಂದು ಆರಂಭಿಸಿದೆನು. ದಡದಂಚಿನ ನೀರಿನಲ್ಲಿದ್ದ ಕೊಕ್ಕರೆಯೋ ಹೂತಿಟ್ಟ ಗೂಟದಂತೆ ನಿಂತಿತ್ತು. ಹತ್ತು ನಿಮಿಷವಾದರೂ ರೆಕ್ಕೆ ಅಲುಗಲಿಲ್ಲ. ನೈದಿಲೆ ಮಾತ್ರ ಗಾಳಿಗೆ ತಲೆದೂಗುತ್ತಿತ್ತು.

“ಸಾರ್, ಇಲ್ಲಿ ಉಲ್ಟಾ ಇದೆಯಲ್ಲ?” ಎಂದಳು ಮುಂದೆ ಕುಳಿತ ಹುಡುಗಿ.

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಆಗ ಅಲ್ಲೇ ನೀರಿನಲ್ಲಿ ನಿಂತಿದ್ದ ಕೊಕ್ಕರೆ ಮಾವನ ದನಿ ಬಂದಿತು. “ಮೇಷ್ಟ್ರೇ, ನಾನೂ ಹೀಗೇ ಬೇಸ್ತು ಬಿದ್ದಿದ್ದೆ. ಹೋದ ತಿಂಗಳು ಕಂಬ ಮುರಿದುಹೋಯ್ತು. ಈ ನೈದಿಲೆ ಎಲೆ ಮುಳುಗಿದ್ರೆ ನೀರು ಏರಿದೆ ಅಂತ ದಡದಿಂದಲೇ ಲೆಕ್ಕ ಹಾಕ್ದೆ. ಅದು ಮುಳುಗಲೇ ಇಲ್ಲ. ವಾರವೆಲ್ಲ ‘ನೀರು ಏರಿಲ್ಲ’ ಅಂತ ಬರೆದೆ. ಒಂದು ದಿನ ಇಳಿದು ನೋಡ್ತೀನಿ, ಸೊಂಟದ ತನಕ ನೀರು. ನೀರು ಏರಿದ ಹಾಗೆಲ್ಲ ಇದರ ದಂಟೂ ಬೆಳೆದುಬಿಟ್ಟಿದೆ.”

“ಮತ್ತೆ ಕೊಕ್ಕರೆ?” ಎಂದಳು ಹುಡುಗಿ.

“ಅದರ ಕಾಲು ಬೆಳೆಯುತ್ತಾ ತಾಯಿ? ಮೊದಲು ಆ ಬಂಡೆ ಹತ್ರ ನಿಲ್ತಿತ್ತು. ನೀರು ಏರಿದ ಮೇಲೆ ದಡಕ್ಕೆ ಬಂದು ನಿಂತಿದೆ.”

“ಹಾಗಾದರೆ ಹಲಗೆಯ ಲೆಕ್ಕ ಸುಳ್ಳೇನಯ್ಯಾ?” ಎಂದರು ಇನ್ಸ್‌ಪೆಕ್ಟರು.

“ಒಂದು ವಾರದ್ದು ಸುಳ್ಳೇ ಸ್ವಾಮಿ. ನಮ್ಮ ಮೇಲಿನವರಿಗೆ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಬಗ್ಗಿ ಒಂದು ದಂಟನ್ನು ಬುಡದಿಂದ ಕಿತ್ತು ಕೊಟ್ಟನು. ಅದು ಆ ಹುಡುಗಿಗಿಂತ ಉದ್ದವಿತ್ತು. ನಾನು ಮೊದಲ ವಾಕ್ಯವನ್ನು ಹಿಂತೆಗೆದುಕೊಂಡು ಹೇಳಿದೆನು: “ನೀರು ಏರಿದರೆ ಕೊಕ್ಕರೆ ಜಾಗ ಬಿಟ್ಟು ಬದುಕುತ್ತದೆ, ನೈದಿಲೆ ಬೇರೂರಿದಲ್ಲೇ ಬೆಳೆದು ಬದುಕುತ್ತದೆ.”

ಕೆಲಸ ಕಾಯಮಾಯಿತು. ನನ್ನ ಮಾನ ಉಳಿಸಲು ತನ್ನ ತಪ್ಪನ್ನು ಎಲ್ಲರ ಮುಂದೆ ಹೇಳಿಕೊಂಡವನಿಗೆ ಕೈಮುಗಿಯಲು ಹೋದರೆ, “ನಂದೇನಿದೆ ಮೇಷ್ಟ್ರೇ? ಅಷ್ಟು ಹೊತ್ತು ನಿಂತಿದ್ದು ಕೊಕ್ಕರೆ” ಎಂದನು.

ಮುಂದೆ ಪ್ರತಿ ವರ್ಷವೂ ಆ ಪಾಠಕ್ಕೆ ಅವನನ್ನೇ ಕರೆಯುತ್ತಿದ್ದೆನು. ನನ್ನ ಕುರ್ಚಿಯನ್ನು ಅವನಿಗೆ ಕೊಡುತ್ತಿದ್ದೆನು. ಅವನು ಒಮ್ಮೆಯೂ ಅದರಲ್ಲಿ ಕೂರಲಿಲ್ಲ; ಅದರ ಪಕ್ಕದಲ್ಲಿ ಒಂಟಿ ಕಾಲಿನಲ್ಲಿ ನಿಂತುಕೊಳ್ಳುತ್ತಿದ್ದನು.