ಎರಡು ಸಲ ಬಂದ ಬಾಗಿನ

ಕೊಟ್ಟಿಗೆಹಾರದ ಹತ್ತಿರ ಮೂರೆಕರೆ ಕಾಫಿ ತೋಟ ಇಟ್ಟುಕೊಂಡಿರುವ ಕೃಷ್ಣಮ್ಮನ ಮನೆಯಲ್ಲಿ ಕೊರಿಯಾದವರು ಉಂಡಿದ್ದಾರೆ, ಬ್ರೆಜಿಲ್‌ನವರು ಉಂಡಿದ್ದಾರೆ, ಹಂಗೇರಿಯವರು ಉಂಡು ಕೈ ನೆಕ್ಕಿದ್ದಾರೆ. ಪಕ್ಕದ ಬಣಕಲ್‌ನಲ್ಲಿ ಹೋಂಸ್ಟೇ ನಡೆಸುವ ಒಡಹುಟ್ಟಿದ ತಮ್ಮ ದಿಲೀಪ ಮಾತ್ರ ಆರು ವರ್ಷದಿಂದ ಆ ಮನೆಯ ಹೊಸಿಲು ತುಳಿದಿರಲಿಲ್ಲ. ಲೋಕವೆಂದರೆ ಹೀಗೇ ನೋಡಿ. ಏಳು ಸಮುದ್ರದಾಚೆಯವರು ಬರುತ್ತಾರೆ, ಬಣಕಲ್‌ನವನು ಬರುವುದಿಲ್ಲ.

ಹೊರದೇಶದವರು ಬರುತ್ತಿದ್ದುದು ಮೂಡಿಗೆರೆಯ ‘ಸ್ನೇಹಸೇತು ಬಳಗ’ದ ಮೂಲಕ. ಬೇರೆ ದೇಶದವರನ್ನು ಕರೆಸಿ, ಸದಸ್ಯರ ಮನೆಗಳಲ್ಲೇ ಉಳಿಸಿ, ನಮ್ಮ ಹಾಡು, ಕುಣಿತ, ಹಬ್ಬ ತೋರಿಸಿದರೆ ಮನಸ್ಸುಗಳು ಕೂಡುತ್ತವೆ, ಜಗತ್ತಿಗೆ ಶಾಂತಿ ಬರುತ್ತದೆ ಎಂದು ನಂಬಿದ ಗುಂಪು ಅದು. ಎಲ್ಲ ಸ್ವಯಂಸೇವೆ, ಯಾರಿಗೂ ಸಂಬಳವಿಲ್ಲ. ಕಾರ್ಯದರ್ಶಿ ಭವ್ಯಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಕೃಷ್ಣಮ್ಮನಿಗೆ ಇಂಗ್ಲಿಷ್ ಗಂಧವೂ ಇಲ್ಲ. ಅದರಿಂದೇನು? ಕೊರಿಯಾದ ಹುಡುಗಿಯ ಎಲೆಗೆ ಕಡುಬಿನ ಮೇಲೆ ಕಡುಬು ಹಾಕುತ್ತಾ, “ತಿನ್ನು ಮಾರಾಯ್ತಿ, ಗಾಳಿಗೆ ಹಾರಿ ಹೋಗೋ ಹಂಗಿದೀಯ!” ಎಂದು ಕನ್ನಡದಲ್ಲೇ ಗದರುತ್ತಿದ್ದಳು. ಆ ಹುಡುಗಿ ತಿನ್ನುತ್ತಿದ್ದಳು.

ಇನ್ನು ತಮ್ಮನ ಮುನಿಸಿನ ಕಥೆ. ಮಗಳು ಧನ್ಯಾಳ ಮದುವೆ ನಿಶ್ಚಯವಾದ ಹೊತ್ತಿಗೆ ಸರಿಯಾಗಿ ಗಂಡ ಚನ್ನಕೇಶವ ಮೆಣಸು ಕುಯ್ಯುವ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತೇ ಕೃಷ್ಣಮ್ಮ ತಮ್ಮನಿಗೆ ಫೋನು ಮಾಡಿ ಮದುವೆಗೆ ಕರೆದಳು. ಸೋದರಮಾವನನ್ನು ಕುಂಕುಮದ ಬಟ್ಟಲು ಹಿಡಿದು ಮನೆಗೇ ಹೋಗಿ ಕರೆಯಬೇಕು, ಅದು ಪದ್ಧತಿ. ದಿಲೀಪ ಎಲ್ಲ ಕೇಳಿಸಿಕೊಂಡು, “ಫೋನಲ್ಲಿ ಕರ್ದ್ಯಲ್ಲ ಅಕ್ಕ, ಫೋನಲ್ಲೇ ಬರ್ತೀನಿ” ಎಂದ. ತಮಾಷೆಗೆ ಅಂದನೆಂದು ಅವಳು ನಕ್ಕಳು. ಧಾರೆಯ ಹೊತ್ತಿಗೆ ನಿಜಕ್ಕೂ ಫೋನು ಮಾಡಿದ, ಪುಣ್ಯಾತ್ಮ! “ಅಕ್ಷತೆ ಹಾಕ್ದೆ ಅಂದ್ಕೋ” ಎಂದು ಹೇಳಿ ಇಟ್ಟುಬಿಟ್ಟ.

ಅಲ್ಲಿಂದ ಗೌರಿ ಹಬ್ಬಕ್ಕೆ ತವರಿನ ಬಾಗಿನವೂ ನಿಂತಿತು. ಕೃಷ್ಣಮ್ಮ ಎರಡು ಸಲ ಬಣಕಲ್‌ಗೆ ಹೋಗಿ ಬಾಗಿಲಲ್ಲಿ ನಿಂತು ಬಂದಳು. ತಾಯಿ ಇಲ್ಲ, ತಂದೆ ಇಲ್ಲ. ತವರು ಅಂತ ಉಳಿದಿದ್ದರೆ ಇವನೊಬ್ಬನೇ. ಪ್ರತಿ ಗೌರಿ ಹಬ್ಬದಂದು ಬಸ್ಸಿನ ಸದ್ದು ಕೇಳಿದಾಗೆಲ್ಲ ಗೇಟಿನ ಕಡೆ ನೋಡುತ್ತಿದ್ದಳು. “ಬರ್ದೇ ಇದ್ರೆ ಕತ್ತೆ ಬಾಲ, ಬಿಡೆ” ಎನ್ನುತ್ತಿದ್ದ ಚನ್ನಕೇಶವ. ಬಿಡುವುದಕ್ಕೆ ಆಗುತ್ತದೆಯೇ?

ಇದನ್ನೆಲ್ಲ ಅವಳು ಬಾಯಿಬಿಟ್ಟು ಹೇಳಿದ್ದು ಭವ್ಯಾಳಿಗೊಬ್ಬಳಿಗೆ. ಅತಿಥಿಗಳಿಗೆಂದು ಬಿದಿರಿನ ಕಳಲೆ ಹೆಚ್ಚುತ್ತಾ ಹೇಳಿದಳು, ಅತ್ತಳು. ಭವ್ಯಾ ಅವಳ ಕೈ ಹಿಡಿದು, “ಕೃಷ್ಣಮ್ಮಕ್ಕ, ನಾನು ಅವ್ರ ಹತ್ರ ಮಾತಾಡ್ತೀನಿ. ನಮ್ಮ ಬಳಗ ಇರೋದಾದ್ರೂ ಯಾಕೆ?” ಎಂದಳು. ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಅಂದಿನಿಂದ ಭವ್ಯಾ ಏನು ಹೇಳಿದರೂ ಕೃಷ್ಣಮ್ಮ ಇಲ್ಲ ಎನ್ನಲಿಲ್ಲ. ಈ ಸಲದ ಗೌರಿ ಹಬ್ಬಕ್ಕೆ ಹಂಗೇರಿಯಿಂದ ಬಂದವರನ್ನೆಲ್ಲ ನಿಮ್ಮ ಮನೆಗೇ ಕರೆತರುತ್ತೇನೆ ಎಂದಾಗಲೂ ಖುಷಿಯಿಂದ ಒಪ್ಪಿದಳು.

ಹಬ್ಬದ ದಿನ ಅತಿಥಿಗಳು ಜಗಲಿಯಲ್ಲಿ ಸಾಲಾಗಿ ಕೂತಿದ್ದರು. ಬಳಗದ ಧರ್ಮೇಶ್ ಕ್ಯಾಮೆರಾ ಹಿಡಿದು ನಿಂತಿದ್ದ. ಕೃಷ್ಣಮ್ಮ ಹೋಳಿಗೆಯ ತಟ್ಟೆ ಹಿಡಿದು ಹೊರಗೆ ಬಂದರೆ, ಅಂಗಳದಲ್ಲಿ ದಿಲೀಪ! ಕೈಯಲ್ಲಿ ಅರಿಶಿನ ಹಚ್ಚಿದ ಮೊರ, ಅದರಲ್ಲಿ ಬಳೆ, ರವಿಕೆಕಣ, ತೆಂಗಿನಕಾಯಿ.

“ಅಕ್ಕ, ತಗೋ” ಎಂದ.

ತಟ್ಟೆ ಎಲ್ಲಿಟ್ಟಳೋ ಅವಳಿಗೆ ಗೊತ್ತಿಲ್ಲ. ಸೆರಗೊಡ್ಡಿದಳು, ಮೊರವನ್ನು ಎದೆಗೆ ಅವುಚಿಕೊಂಡಳು, ಇದ್ದಬದ್ದ ಅಳುವನ್ನೆಲ್ಲ ಒಂದೇ ಸಲಕ್ಕೆ ಅತ್ತಳು. “ಬಂದ್ಯೇನೋ! ನನ್ನಪ್ಪ, ಬಂದ್ಯಾ!” ಎಂದು ಅವನ ಕೆನ್ನೆ ಸವರಿದಳು. ಜಗಲಿಯ ಮೇಲಿದ್ದ ಇಲೋನಾ ಎಂಬ ಹೆಂಗಸು ಕಣ್ಣೊರೆಸಿಕೊಂಡಳು.

ಆಗ ಧರ್ಮೇಶ್ ಕೂಗಿದ. “ಮೇಡಂ, ಮೋಡ ಬಂತು, ಮುಖ ಕಪ್ಪಾಗಿದೆ. ಇನ್ನೊಂದ್ಸಲ ಬೇಕು.”

ದಿಲೀಪ ಮುಂದೆ ಬಂದು ಅಕ್ಕನ ಕೈಯಿಂದ ಮೊರವನ್ನು ವಾಪಸ್ ತೆಗೆದುಕೊಂಡ. ಅವಳು ಬಿಗಿಯಾಗಿ ಹಿಡಿದಿದ್ದರಿಂದ ಸ್ವಲ್ಪ ಎಳೆಯಬೇಕಾಯಿತು. ಗೇಟಿನ ಕಡೆ ನಡೆಯುತ್ತಾ ಭವ್ಯಾಳನ್ನು ಕೇಳಿದ, “ಮುಂದಿನ ಸೀಸನ್ ಗೆಸ್ಟ್‌ಗಳೆಲ್ಲ ನಮ್ಮ ಹೋಂಸ್ಟೇಗೇ ತಾನೆ ಮೇಡಂ? ಮಾತು ಅಂದ್ರೆ ಮಾತು.”

“ಆಯ್ತು ಅಂದಿದೀನಲ್ಲ. ಇದೊಂದ್ಸಲ ಮಾಡಿಕೊಡಿ” ಎಂದಳು ಭವ್ಯಾ.

ಕೃಷ್ಣಮ್ಮನ ಕಿವಿ ನೆಟ್ಟಗಿದ್ದವು. ನಂಬಿದ ಎಮ್ಮೆ ಕೋಣ ಈಯಿತು ಅನ್ನುತ್ತಾರಲ್ಲ, ಹಾಗಾಯಿತು. ತಾನು ಕಳಲೆ ಹೆಚ್ಚುತ್ತಾ ಅತ್ತದ್ದನ್ನು ಭವ್ಯಾ ಕಾರ್ಯಕ್ರಮ ಮಾಡಿಬಿಟ್ಟಿದ್ದಳು. ದಿಲೀಪ ಆ ಕಾರ್ಯಕ್ರಮಕ್ಕೆ ಬಂದಿದ್ದ. ಕೃಷ್ಣಮ್ಮನಿಗೆ ನಾಚಿಕೆಯಾಯಿತು.

ದಿಲೀಪ ಮತ್ತೆ ಬಂದ. “ಅಕ್ಕ, ತಗೋ.” ಅದೇ ದನಿ, ಅದೇ ನಗೆ. ಅವಳು ಸೆರಗೊಡ್ಡಲಿಲ್ಲ. ಅವನೇ ಮೊರವನ್ನು ಅವಳ ಕೈಗೆ ತುರುಕಿದ.

“ಒಳಗೆ ಎಲೆ ಹಾಕಿದೀನಿ. ಉಣ್ತೀಯೇನೋ?” ಎಂದು ಮೆಲ್ಲಗೆ ಕೇಳಿದಳು. ಹ್ಞೂಂ ಅಂದಿದ್ದರೆ ಎಲ್ಲವನ್ನೂ ನುಂಗಿಕೊಳ್ಳುತ್ತಿದ್ದಳು, ನನಗೆ ಗೊತ್ತು.

“ಊಟದ್ದು ಮಾತಾಗಿರ್ಲಿಲ್ಲ” ಎಂದ ದಿಲೀಪ.

ಅಷ್ಟರಲ್ಲಿ ಇಲೋನಾ ಏನೋ ಕೇಳಿದಳು. “ನಿಮ್ಗೆ ಈಗ ಏನನ್ನಿಸ್ತಿದೆ ಅಂತ ಕೇಳ್ತಿದಾರೆ. ಎರಡು ಮಾತು ಹೇಳಿ ಅಕ್ಕ” ಎಂದಳು ಭವ್ಯಾ.

ಕೃಷ್ಣಮ್ಮ ಮೊರವನ್ನು ಜಗಲಿಯ ಮೇಲಿಟ್ಟಳು. “ಹೇಳ್ತೀನಿ, ಇದ್ದದ್ದನ್ನ ಇದ್ದಂಗೇ ಅವ್ರಿಗೆ ಹೇಳಿ. ಇವ್ನು ನನ್ನ ನೋಡೋಕೆ ಬಂದಿಲ್ಲ, ನಿಮ್ಗೆ ತೋರ್ಸೋಕೆ ಬಂದಿದಾನೆ. ನಮ್ಮಲ್ಲಿ ಬಾಗಿನ ಕೊಟ್ಟೋನು ಅಕ್ಕನ ಮನೇಲಿ ಉಣ್ದೆ ಹೋದ್ರೆ ಅದು ಬಾಗಿನ ಅಲ್ಲ. ಇಷ್ಟು ವರ್ಷ ಇವ್ನು ಬರ್ದೇ ಇದ್ರೂ ನಂಗೊಂದು ತವರಿತ್ತು. ಇವತ್ತು ಬಂದ, ಅದೂ ಹೋಯ್ತು.”

ಭವ್ಯಾ ಅತಿಥಿಗಳ ಕಡೆ ತಿರುಗಿ, ನಗುತ್ತಾ, ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದಳು. ಕೃಷ್ಣಮ್ಮನಿಗೆ ಗೊತ್ತಾದದ್ದು ‘ಪೀಸ್’ ಎಂಬ ಒಂದೇ ಮಾತು. ಜಗಲಿಯ ತುಂಬ ಚಪ್ಪಾಳೆ ಬಿತ್ತು. ಇಲೋನಾ ಎದ್ದು ಬಂದು ಅವಳನ್ನು ತಬ್ಬಿಕೊಂಡಳು.

ತಾನು ಆಡಿದ ಮಾತಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲವೆಂದು ಕೃಷ್ಣಮ್ಮನಿಗೆ ಗೊತ್ತಿತ್ತು. ಇಲೋನಾಳ ಭುಜದ ಮೇಲಿಂದ ತಮ್ಮನನ್ನು ನೋಡಿದಳು. ದಿಲೀಪನಿಗೆ ಅವಳ ಒಂದೊಂದು ಮಾತೂ ಅರ್ಥವಾಗಿತ್ತು. ಅವನು ಕ್ಯಾಮೆರಾದ ಕಡೆ ಮುಖ ಮಾಡಿ ಚಪ್ಪಾಳೆ ತಟ್ಟುತ್ತಿದ್ದ.