ಬಾನೆಟ್ ಮೇಲೆ ಎರಡು ಸಲ ತಟ್ಟಿದರು

ಜನರಲ್ ಸಾಹೇಬರು ಸಾಲಿನಲ್ಲಿ ನಿಂತಿದ್ದ ನಮ್ಮಪ್ಪನ ಮುಂದೆಯೇ ಹಾದು ಹೋದರು. ಅಪ್ಪ ಎದೆ ಸೆಟೆಸಿ ಸೆಲ್ಯೂಟ್ ಹೊಡೆದ. ಅವರು ಎಲ್ಲರಿಗೂ ಮಾಡಿದಂತೆ ತಲೆಯಾಡಿಸಿ ಮುಂದೆ ನಡೆದರು.

ಅಷ್ಟೇ...

ಹೋದ ತಿಂಗಳು ಹೊನ್ನಾಳಿಯಲ್ಲಿ ಮಾಜಿ ಸೈನಿಕರ ಸನ್ಮಾನ ಇತ್ತು. ಸಾಹೇಬರು ಚನ್ನಗಿರಿಯ ಸರ್ಕಾರಿ ಶಾಲೆಯಲ್ಲಿ ಓದಿ, ಸೈನ್ಯ ಸೇರಿ, ಜನರಲ್ ಆಗಿ ನಿವೃತ್ತರಾದವರು. ಅವರು ಮೇಜರ್ ಆಗಿದ್ದಾಗ ಗಡಿಯಲ್ಲಿ ಮೂರು ವರ್ಷ ಅವರ ಜೀಪ್ ಓಡಿಸಿದ್ದು ನಮ್ಮಪ್ಪ.

ಅಂದರೆ, ಅಪ್ಪ ಹಾಗೆ ಹೇಳುತ್ತಿದ್ದ. ಒಂದು ಫೋಟೊ ಕೂಡ ಇಲ್ಲ. ಸಾಹೇಬರಿಗೆ ಪ್ರಮೋಷನ್ ಸಿಕ್ಕಾಗಲೆಲ್ಲ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದ, ಅದೊಂದೇ. ನಮ್ಮ ಸವಳಂಗದಲ್ಲಿ ಅಪ್ಪ ಬಾಯಿ ತೆರೆದರೆ ಸಾಕು, "ಶುರುವಾತು ಬಂಡಲ್" ಎಂದು ನಗುತ್ತಿದ್ದರು.

ನಿಜ ಹೇಳುತ್ತೇನೆ, ನಾನೂ ನಂಬಿರಲಿಲ್ಲ.

ಅವತ್ತು ಊರಿಂದ ಏಳೆಂಟು ಜನ ಬಂದಿದ್ದೇ ಅಪ್ಪನ ಬಂಡವಾಳ ಬಯಲಾಗುವುದನ್ನು ನೋಡಲಿಕ್ಕೆ. ಪಕ್ಕದ ಮನೆ ರುದ್ರಪ್ಪ ಮಾವ ಬಿಡಲೇ ಇಲ್ಲ. "ಏನ್ರೀ ಮಿಲ್ಟ್ರಿ, ನಿಮ್ ಸಾಹೇಬ್ರಿಗೆ ನಿಮ್ ಗುರ್ತೇ ಸಿಗ್ಲಿಲ್ವಲ್ರೀ!"

ಅಪ್ಪ ಅಟೆನ್ಷನ್‌ನಲ್ಲೇ ನಿಂತಿದ್ದ. ಕತ್ತಿನ ನರ ಉಬ್ಬಿತ್ತು.

"ನೀನೇ ಹೋಗಿ ಮಾತಾಡಪ್ಪಾ" ಎಂದೆ.

"ಸಾಲು ಬಿಟ್ಟು ಹೋಗಂಗಿಲ್ಲವ್ವ."

ಅಷ್ಟರಲ್ಲಿ ಸಾಹೇಬರು ಕಾರಿನ ಹತ್ತಿರ ಹೋದರು. ಡ್ರೈವರ್ ಆಗಲೇ ಸೀಟಿನಲ್ಲಿದ್ದ. ಅವರು ಹತ್ತುವ ಮೊದಲು ಮುಂದೆ ಬಂದು ಬಾನೆಟ್ ಮೇಲೆ ತಟ್ಟಿದರು. ಟಕ್, ಟಕ್...

ನಾನು ಥಟ್ಟನೆ ಅಪ್ಪನ ಕಡೆ ತಿರುಗಿದೆ.

ಅಪ್ಪ ನೂರು ಸಲ ಹೇಳಿದ್ದ ಕಥೆ ಅದು. ಹಿಮದ ಘಾಟಿ ಹತ್ತುವ ಮುನ್ನ ಸಾಹೇಬರು ಬಾನೆಟ್ ಮೇಲೆ ಎರಡು ಸಲ ತಟ್ಟುತ್ತಿದ್ದರಂತೆ. ಗಾಡಿ ರೆಡಿ ಎನ್ನಲು ಅಪ್ಪ ಎರಡು ಸಲ ಹಾರ್ನ್ ಹೊಡೆಯುತ್ತಿದ್ದನಂತೆ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಈ ಡ್ರೈವರ್ ಸುಮ್ಮನೆ ಕೂತಿದ್ದ. ಸಾಹೇಬರು ಬಾಗಿಲಿಗೆ ಕೈ ಹಾಕಿದರು.

ಸಾಲಿನ ಹಿಂದೆಯೇ ನಮ್ಮ ಸ್ಕೂಟರ್ ನಿಂತಿತ್ತು. ಹಿಂದೆ ಮುಂದೆ ನೋಡದೆ ಕೀ ತಿರುಗಿಸಿ ಹಾರ್ನ್ ಒತ್ತಿದೆ. ಪೀಂ... ಪೀಂ.

"ಏಯ್, ಯಾರಮ್ಮ ಅದು!" ಎಂದು ಪೊಲೀಸರೊಬ್ಬರು ನನ್ನ ಕಡೆ ಓಡಿ ಬರುತ್ತಿದ್ದಾರೆ. ಇಡೀ ಮೈದಾನ ನನ್ನನ್ನೇ ನೋಡುತ್ತಿದೆ.

ಸಾಹೇಬರ ಒಂದು ಕಾಲು ಕಾರಿನ ಒಳಗಿದೆ. ತಿರುಗುತ್ತಾರೆ. ಸ್ಕೂಟರ್ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಆಮೇಲೆ ನನ್ನ ಮುಂದೆ ಅಟೆನ್ಷನ್‌ನಲ್ಲಿ ನಿಂತ ಅಪ್ಪನನ್ನು...

"ಹಾಲೇಶಾ?"

ಅಪ್ಪ ಸಾಲು ಬಿಟ್ಟು ಓಡಿದ.

ರುದ್ರಪ್ಪ ಮಾವ ಏನು ಮಾಡಿದರೋ ನೋಡಲಿಲ್ಲ, ನನ್ನ ಕಣ್ಣು ತುಂಬಿತ್ತು. ಊರಿನವರದ್ದು ಹಾಗಿರಲಿ, ಮಗಳಾಗಿ ನಾನೇ ಇಷ್ಟು ವರ್ಷ ನಂಬಲಿಲ್ಲವಲ್ಲ...

ನಿಮ್ಮಪ್ಪ ಹೇಳಿದ ಯಾವ ಮಾತನ್ನು ನೀವು ಇನ್ನೂ ನಂಬಿಲ್ಲ?